ಕೊನೇ ಮನೆಗೆ ಮೊದಲ ನೀರು

ಅವರ ಬಲಗಿವಿಯ ಕೆಳಗೆ, ದವಡೆ ಶುರುವಾಗುವ ಜಾಗದಲ್ಲಿ, ತುಕ್ಕಿನ ಬಣ್ಣದ ಒಂದು ಗುರುತಿತ್ತು. ಸೋಪು ಹಾಕಿ ಉಜ್ಜಿದರೂ ಹೋಗದಂಥದ್ದು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಸಲಾಕೆ ಸದಾ ಅವರ ಹೆಗಲ ಮೇಲಿರುತ್ತಿತ್ತು. ಅದರ ಒಂದು ತುದಿಯನ್ನು ಪೈಪಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಒಳಗೆ ನೀರು ಹರಿಯುತ್ತಿದೆಯೋ, ಬರೀ ಗಾಳಿಯೋ, ಎಲ್ಲಾದರೂ ಪೈಪು ಒಡೆದಿದೆಯೋ, ಎಲ್ಲವೂ ಅವರಿಗೆ ಹಾಗೇ ಗೊತ್ತಾಗುತ್ತಿತ್ತು.

"ಏನಂತೈತೆ ಪೈಪು?" ಎಂದು ಯಾರಾದರೂ ರೇಗಿಸಿದರೆ ಕಣ್ಣು ತೆರೆಯದೆಯೇ ಉತ್ತರ ಕೊಡುತ್ತಿದ್ದರು. "ಮೇಲ್ಗಡೆ ಬೀದಿಯೋರು ದಿನಕ್ಕೆ ಎರಡೆರಡು ಸಲ ಮೈ ತೊಳ್ಕಂತಾವ್ರೆ ಅಂತೈತೆ. ಅಷ್ಟೊಂದು ತೊಳ್ಕಳಂಗೆ ಏನು ಮಾಡವ್ರೋ ನಂಗೊತ್ತಿಲ್ಲ."

ಮೇಲ್ಗಡೆ ಬೀದಿ ಅಂದರೆ ನಮ್ಮ ಬೀದಿ. ಅವರದು ಊರಾಚೆಯ ಕಾಲೊನಿ. ನಮ್ಮೂರು ಪಾವಗಡ ತಾಲ್ಲೂಕಿನದು, ನಿಡುಗಲ್ ಬೆಟ್ಟ ಕಾಣುವಷ್ಟು ಹತ್ತಿರ. ಅವರು ಪಂಚಾಯಿತಿಯ ವಾಟರ್‌ಮ್ಯಾನ್. ಊರವರ ಬಾಯಲ್ಲಿ ನೀರುಗಂಟಿ. ಈಗ ಬರೆಯುವಾಗ 'ಅವರು' ಎನ್ನುತ್ತಿದ್ದೇನೆ. ಆಗ ಹಾಗೆ ಕರೆದವನಲ್ಲ. ನಮ್ಮ ಬೀದಿಯಲ್ಲಿ ಹಾಲುಹಲ್ಲು ಬೀಳದ ಮಕ್ಕಳೂ ಅವರನ್ನು ಹೋಗೋ ಬಾರೋ ಎನ್ನುತ್ತಿದ್ದವು. ಅವರಿಗೆ ಅದು ಕೇಳಿಸುತ್ತಿರಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದರೋ, ನಾನು ಯೋಚನೆ ಮಾಡಿದವನೇ ಅಲ್ಲ.

ಅವರಪ್ಪ ಕೆರೆಯ ನೀರುಗಂಟಿ. ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ ತೂಬಿನಿಂದ ತೀರಾ ದೂರದ ಗದ್ದೆಗೆ ಮೊದಲು ನೀರು ಮುಟ್ಟಿಸಿ, ಆಮೇಲೆ ಒಂದೊಂದೇ ಗದ್ದೆ ಮೇಲಕ್ಕೆ ಬರುವುದು ಅವರ ಮನೆತನದ ಪದ್ಧತಿಯಂತೆ. ಕೆರೆ ಒಣಗಿ ಜಾಲಿ ಬೆಳೆಯಿತು. ಪಂಚಾಯಿತಿ ಬೋರು ಕೊರೆಸಿ, ಮನೆಮನೆಗೆ ಪೈಪು ಹಾಕಿಸಿ, ಮಗನಿಗೆ ಸಲಾಕೆ ಕೊಟ್ಟಿತು. ಮಗ ಅಪ್ಪನ ಪದ್ಧತಿಯನ್ನೇ ಪೈಪಿಗೆ ತಂದರು. ಬೆಳಿಗ್ಗೆ ಉಳಿದ ಬೀದಿಗಳ ವಾಲ್ವ್ ಎಲ್ಲ ಮುಚ್ಚಿ, ಕಾಲೊನಿಯ ತುದಿಯಲ್ಲಿದ್ದ ಕೊನೇ ಮನೆಗೆ ಮೊದಲು ಬಿಡುತ್ತಿದ್ದರು. ಆ ಮನೆಯಲ್ಲಿ ಮೇಕೆ ಸಾಕಿಕೊಂಡಿದ್ದ ಒಬ್ಬ ಹೆಂಗಸಿದ್ದಳು. ಊರಿಗೇ ದೊಡ್ಡ ಬಾಯಿ. ಅವಳು ನಲ್ಲಿ ಹತ್ತಿರ ನಿಂತು "ಬಂತು ಬುಡಣ್ಣೋ" ಎಂದು ಕೂಗಿದರೆ ಮೂರು ಬೀದಿಗೆ ಕೇಳಿಸುತ್ತಿತ್ತು. ಆಮೇಲೆ ಮುಂದಿನ ವಾಲ್ವ್. ನಮ್ಮ ಬೀದಿಗೆ ನೀರು ಬರುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು.

ನಮ್ಮಪ್ಪನಿಗೆ ಇದು ಸಹಿಸುತ್ತಿರಲಿಲ್ಲ. ಊರಿಗಿಂತ ಕಾಲೊನಿ ಮೊದಲಾ ಎಂದು ಒಂದು ದಿನ ಅಡ್ಡಹಾಕಿ ಕೇಳಿಯೇಬಿಟ್ಟರು. ನೀರುಗಂಟಿ ಸಲಾಕೆಯನ್ನು ಹೆಗಲಿಂದ ಇಳಿಸದೆ ಹೇಳಿದರು: "ಮೇಲ್ಗಡೆಗೆ ಮೊದ್ಲು ಬುಟ್ರೆ ಕೆಳಗಿನೋರಿಗೆ ಬಂತೋ ಇಲ್ವೋ ನಿಮಗೆ ತಿಳಿಯಾಕಿಲ್ಲ ಸ್ವಾಮಿ. ಕೆಳಗೆ ಬಂದಿದ್ರೆ ಮೇಲೆ ಬಂದೇ ಬತ್ತೈತೆ." ಅಪ್ಪ ಉಗಿದು ಒಳಗೆ ಹೋದರು. ಪದ್ಧತಿ ಬದಲಾಗಲಿಲ್ಲ.

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಶಿರಾದ ಒಂದು ಬೋರ್‌ವೆಲ್ ಲಾರಿಯಲ್ಲಿ ಹನ್ನೊಂದು ವರ್ಷ ರಾಡು ಎತ್ತಿದ್ದೇನೆ. ಮಧುಗಿರಿ, ಕೊರಟಗೆರೆ ಕಡೆಯ ಎಷ್ಟೋ ಹೊಲಗಳಲ್ಲಿ ನೆಲದೊಳಗಿಂದ ಮೊದಲ ನೀರು ಚಿಮ್ಮಿದಾಗ ಆ ಕೆಸರು ಮೊದಲು ಬಿದ್ದಿದ್ದು ನನ್ನ ಮೈಮೇಲೆ. ಯಾರ ಹತ್ತಿರವೂ ಕೈ ಚಾಚದೆ ಟ್ರ್ಯಾಕ್ಟರ್ ಮಾಡಿಕೊಂಡೆ, ನೀರಿನ ಟ್ಯಾಂಕರ್ ಮಾಡಿಕೊಂಡೆ. ಬೋರಿನ ವಿಷಯದಲ್ಲಿ ನನಗೆ ಹೇಳಿಕೊಡುವವರು ಈ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದೆ. ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇದ್ದೆ.

ಆ ಹೊತ್ತಿಗೆ ಬಲಸಮುದ್ರದ ಕಡೆಯಿಂದ ನಮ್ಮೂರಿನ ಅಂಚಿನವರೆಗೂ ಸೋಲಾರ್ ಪ್ಲೇಟುಗಳು ಬಂದಿದ್ದವು. ಜಮೀನಿದ್ದವರು ಗುತ್ತಿಗೆಗೆ ಕೊಟ್ಟೆವು. ಜಮೀನಿಲ್ಲದವರಿಗೆ ಕೊಡುವುದಕ್ಕೂ ಏನೂ ಇರಲಿಲ್ಲ, ಬರುವುದಕ್ಕೂ ಏನೂ ಇರಲಿಲ್ಲ. ಮೇಕೆ ಮೇಯುತ್ತಿದ್ದ ಬೀಳು ಮಾತ್ರ ಬೇಲಿಯೊಳಗೆ ಹೋಯಿತು. ಪ್ಲೇಟು ಯಾವ ದೇಶದ್ದೋ, ಬಂಡವಾಳ ಯಾವ ದೇಶದ್ದೋ, ಕರೆಂಟು ಯಾವ ಊರಿಗೋ. ಧೂಳು ಮಾತ್ರ ನಮ್ಮದು. ಆ ಧೂಳೇ ಪ್ಲೇಟಿನ ಮೇಲೆ ಕೂತು ಕರೆಂಟು ಕಡಿಮೆ ಮಾಡುತ್ತದಂತೆ. ಅದಕ್ಕೆ ತೊಳೆಯಬೇಕು. ತೊಳೆಯಲು ನೀರು ಬೇಕು.

ನನ್ನ ಸೋದರಮಾವ ಆಗ ನಮ್ಮ ವಾರ್ಡಿನ ಮೆಂಬರ್. ಪ್ಲೇಟು ತೊಳೆಸುವ ಗುತ್ತಿಗೆದಾರನಿಗೂ ಅವರಿಗೂ ಮಾತಾಗಿತ್ತು. ಟ್ಯಾಂಕರಿನ ಕೆಲಸ ನನಗೇ ಎಂದರು. ಪಂಚಾಯಿತಿ ಬೋರಿನಿಂದ ಇನ್ನೂರು ಹೆಜ್ಜೆ ಆಚೆಗೆ, ಉಳಿಸಿಕೊಂಡಿದ್ದ ತುಂಡು ಹೊಲದಲ್ಲಿ ನನ್ನದೇ ಬೋರಿತ್ತು. ವರ್ಷವಿಡೀ ಕೈತುಂಬ ಕೆಲಸ. ಒಂದೇ ಒಂದು ಕಾಗದ ಬೇಕಿತ್ತು.

"ಊರಿನೋರು ಒಪ್ಪವ್ರೆ ಅಂತ ಗ್ರಾಮಸಭೆ ಕಾಗದ ಕೇಳ್ತಾವ್ರೆ ಕಣ್ಲಾ, ಕಂಪನಿಯೋರು" ಎಂದು ಮಾವ ಪುಸ್ತಕ ಕೈಗಿಟ್ಟರು. "ನಿನ್ ಟ್ಯಾಂಕರ್‌ಗೇ ತಾನೆ, ನೀನೇ ಓಡಾಡು."

ಗ್ರಾಮಸಭೆ ಎಂದರೆ ನಮ್ಮೂರಲ್ಲಿ ಆಗ ಒಂದು ಪುಸ್ತಕ, ಅಷ್ಟೇ. ಬೆಳಿಗ್ಗೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಕೈಗೆ ಪುಸ್ತಕ ಕೊಟ್ಟರೆ, ಹಾಲು ಅಳೆಯುವಷ್ಟರಲ್ಲಿ ಸಹಿ ಬಿದ್ದಿರುತ್ತಿತ್ತು. ಮನೆ ಮಂಜೂರಿಯೋ, ಚರಂಡಿಯೋ, ಏನೋ ಒಂದು ಇರುತ್ತದೆ, ಯಾರೂ ಕೇಳುವುದಿಲ್ಲ. ಕೆಲಸ ಬಿಟ್ಟು ಸಭೆಗೆ ಬಂದು ಕೂರುವ ತಾಪತ್ರಯವೂ ಇಲ್ಲ. ಎಷ್ಟೋ ವರ್ಷದಿಂದ ಹಾಗೇ ನಡೆದಿತ್ತು. ಎರಡು ದಿನ ಡೈರಿ ಮುಂದೆ ನಿಂತೆ. ಎರಡು ಪುಟ ತುಂಬಿತು. ಮೇಲೆ ಬರೆದಿದ್ದ ಠರಾವನ್ನು ಓದಲು ಹೋದೆ. ಎರಡು ಸಾಲು ದಾಟುವಷ್ಟರಲ್ಲಿ ಗೊತ್ತಿಲ್ಲದ ಪದಗಳು ಸಿಕ್ಕವು. ಡೈರಿಯ ಸೆಕ್ರೆಟರಿ ಪಕ್ಕದಲ್ಲೇ ಇದ್ದ, ನನ್ನ ಜೊತೆ ಓದಿದವನು, ಡಿಗ್ರಿ ಮಾಡಿದವನು. ಅವನನ್ನು ಕೇಳಬಹುದಿತ್ತು. ಎಂಟನೇ ಕ್ಲಾಸು ಎಂದು ಅವನು ನಕ್ಕುಬಿಟ್ಟರೆ ಎಂದು ಪುಸ್ತಕ ಮುಚ್ಚಿದೆ.

ಒಂದು ತಿಂಗಳು ಕಳೆದಿರಬೇಕು. ನಾನು ಟ್ಯಾಂಕರಿನ ಚಕ್ರ ಬಿಚ್ಚಿ ಗ್ರೀಸು ಹಾಕುತ್ತಿದ್ದೆ. ನೀರುಗಂಟಿ ಬಂದು ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಜೇಬಿನಿಂದ ಮಡಿಸಿದ ಕಾಗದ ತೆಗೆದರು.

"ಏಮಪ್ಪಾ" ಎಂದರು. ನಮ್ಮ ಕಡೆ ಅರ್ಧ ಮಾತು ತೆಲುಗೇ. "ಸಭೆ ಯಾವತ್ತಾಯ್ತು?"

ಯಾವ ಸಭೆ ಎಂದೆ. ಕೈಯಲ್ಲಿದ್ದ ಗ್ರೀಸು ಒರೆಸಿಕೊಳ್ಳುತ್ತಲೇ ಇದ್ದೆ.

ಅವರು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು. ಬೆರಳಿಟ್ಟು, ಒಂದೊಂದೇ ಪದ ಓದಿದರು. ಪಂಚಾಯಿತಿಯ ಬೋರಿನಿಂದ ದಿನಾ ಬೆಳಿಗ್ಗೆ ಮೂರು ಗಂಟೆ ಹೊತ್ತು ಕಂಪನಿಯ ತೊಟ್ಟಿಗೆ ನೀರು ಬಿಡುವುದು. ಸಾಲದೆ ಬಂದರೆ ಖಾಸಗಿ ಟ್ಯಾಂಕರ್. ಹತ್ತು ವರ್ಷ. ಇದಕ್ಕೆ ಗ್ರಾಮಸಭೆಯ ಆಕ್ಷೇಪಣೆ ಇಲ್ಲ. ಅವರಿಗೆ ಬಂದಿದ್ದು ಅದರಂತೆ ವಾಲ್ವ್ ತಿರುಗಿಸಬೇಕೆಂಬ ಆದೇಶ.

ಟ್ಯಾಂಕರಿಗೆ ಮಾತ್ರ ಎಂದುಕೊಂಡು ನಾನು ಹೊತ್ತು ತಿರುಗಿದ್ದು ಇದನ್ನು. ಆದರೂ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಆ ಬೋರಿನಲ್ಲಿ ಬೇಕಾದಷ್ಟು ನೀರಿದೆ, ನಾನು ಬೋರು ಕೊರೆದವನು, ನಿನಗಿಂತ ನನಗೆ ಗೊತ್ತು ಎಂದೆ.

"ಆಗ್ಲಪ್ಪ" ಎಂದರು. "ನೀನು ಕೊರ್ದಿದ್ದೀಯ, ನಾನು ಕೇಳಿದ್ದೀನಿ. ನಾಳೆ ಬೆಳಿಗ್ಗೆ ನಿನ್ ಬೋರು ಹಾಕ್ಬುಟ್ಟು ನನ್ ಜೊತೆ ಬಾ."

ಹೋದೆ. ಅವರನ್ನು ಸುಳ್ಳು ಮಾಡಬೇಕೆಂಬ ಹಟಕ್ಕೇ ಹೋದೆ. ನನ್ನ ಬೋರು ಓಡುತ್ತಿತ್ತು. ಒಂದು ಗಂಟೆ ಬಿಟ್ಟು ಪಂಚಾಯಿತಿ ಬೋರಿನ ಪೈಪಿನ ಮೇಲೆ ಸಲಾಕೆ ಇಟ್ಟು ನನ್ನ ಕಿವಿಗೆ ಕೊಟ್ಟರು. ಒಳಗೆ ಯಾರೋ ಮುದುಕ ಕೆಮ್ಮಿದ ಹಾಗೆ ಸದ್ದು. ನೀರು ತುಂಡಾಗಿ, ನಡುನಡುವೆ ಗಾಳಿ. ಅಲ್ಲಿಂದ ಕೊನೇ ಮನೆಗೆ ಕರೆದುಕೊಂಡು ಹೋದರು. ಮೇಕೆಯವಳು ನಲ್ಲಿ ಕೆಳಗೆ ಬಿಂದಿಗೆ ಇಟ್ಟು ನಿಂತಿದ್ದಳು. ನಲ್ಲಿ ಬುಸುಗುಟ್ಟುತ್ತಿತ್ತು. ನನ್ನನ್ನು ನೋಡಿ, "ಏನ್ ಗೌಡ್ರು ನಮ್ ಬೀದಿಗೆ? ದಾರಿ ತಪ್ತಾ?" ಎಂದಳು.

ನೀರುಗಂಟಿ ನನಗೆ ಫೋನು ಮಾಡು ಎಂದು ಸನ್ನೆ ಮಾಡಿದರು. ಮನೆಗೆ ಫೋನು ಮಾಡಿ ಬೋರು ಆಫ್ ಮಾಡಿಸಿದೆ. ಮೂವರೂ ನಲ್ಲಿಯನ್ನೇ ನೋಡುತ್ತ ನಿಂತೆವು. ಸುಮಾರು ಹೊತ್ತಿನ ಮೇಲೆ ನಲ್ಲಿ ಎರಡು ಸಲ ಉಗುಳಿತು. ಆಮೇಲೆ ನೀರು ಬಿತ್ತು, ಮೊದಲು ದಾರದಷ್ಟು, ಆಮೇಲೆ ಕಿರುಬೆರಳಿನಷ್ಟು. ಎರಡು ಬೋರಿಗೂ ನೆಲದೊಳಗೆ ಒಂದೇ ಸೆಲೆ. ಹನ್ನೊಂದು ವರ್ಷ ನೆಲ ಕೊರೆದವನಿಗೆ ಅದು ತಿಳಿದಿರಲಿಲ್ಲ. ನನ್ನದೊಂದು ಬೋರಿಗೇ ಹೀಗಾದರೆ, ಪಂಚಾಯಿತಿ ಬೋರನ್ನೇ ದಿನಾ ಮೂರು ಗಂಟೆ ಪ್ಲೇಟಿಗೆ ಹರಿಸಿದರೆ ಈ ನಲ್ಲಿಗೆ ಏನು ಉಳಿಯುತ್ತದೆ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಕೊನೇ ಮನೆ ಮೊದಲು ಹೋಗುತ್ತದೆ, ಆಮೇಲೆ ಕಾಲೊನಿ, ಆಮೇಲೆ ನಮ್ಮ ಬೀದಿ.

ಅವರು ನನ್ನನ್ನು ಬೈಯಲಿಲ್ಲ. ಪುಸ್ತಕದ ಮಾತೂ ಎತ್ತಲಿಲ್ಲ. "ನಾನು ಆ ವಾಲ್ವ್ ತಿರುಗ್ಸಲ್ಲ. ಸಭೆ ಸೇರ್ಲಿ. ಊರು ಹೇಳಿದ್ರೆ ತಿರುಗುಸ್ತೀನಿ" ಎಂದಷ್ಟೇ ಹೇಳಿ ಮುಂದಿನ ಬೀದಿಗೆ ಹೋದರು. ಕೆಲಸದಿಂದ ತೆಗೆಯುತ್ತೇವೆ ಎಂದು ಮಾವ ಹೆದರಿಸಿದ್ದರು. ಅವರದು ಕಾಯಂ ನೌಕರಿಯೂ ಅಲ್ಲ.

ನೀರುಗಂಟಿ, ಮತ್ತೆ ಸಭೆ ಕರೆಯಿರಿ ಎಂದು ಅರ್ಜಿ ಬರೆಸಿದರು. ಆ ಅರ್ಜಿಗೂ ಸಹಿ ಬೇಕಲ್ಲ. ಡೈರಿ ಹತ್ತಿರ ಸುಳಿಯಲಿಲ್ಲ. ಮನೆಮನೆಗೆ ಹೋಗಿ, ಪ್ರತಿಯೊಬ್ಬರಿಗೂ ಮೊದಲಿಂದ ಕೊನೆಯವರೆಗೆ ಓದಿ ಹೇಳಿ, "ತಿಳೀತಾ? ತಿಳಿದಿದ್ರೆ ಹಾಕು, ಇಲ್ದಿದ್ರೆ ಬ್ಯಾಡ" ಎನ್ನುತ್ತಿದ್ದರು. ಹನ್ನೆರಡು ದಿನ ಹಿಡಿಯಿತು. ಅಷ್ಟು ನಿಧಾನ ಓದು ಅವರದು. ನಮ್ಮ ಮನೆಗೂ ಬಂದರು. ನನ್ನ ಹೆಂಡತಿಯಿಂದ ಸಹಿ ಹಾಕಿಸಿಕೊಂಡರು. ನನ್ನ ಮುಂದೆ ಮಾತ್ರ ಕಾಗದ ಹಿಡಿಯಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚಾಯಿತು.

ಸಭೆ ಸ್ಕೂಲಿನ ಅಂಗಳದಲ್ಲಿ ನಡೆಯಿತು. ಅಷ್ಟು ಜನ ಸಭೆಗೆಂದು ಸೇರಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಪಂಚಾಯಿತಿಯ ಪಿಡಿಒ ಮೇಡಂ ಹೊಸಬರು. ಕಂಪನಿಯ ಕಡೆಯಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದಿದ್ದಳು, ಅನಂತಪುರದ ಕಡೆಯವಳು. ತೆಲುಗಿನಲ್ಲೇ ಮಾತಾಡಿದಳು, ಎಲ್ಲರಿಗೂ ತಿಳಿಯಿತು. ಕಂಪನಿಗೆ ಸಾಲ ಕೊಟ್ಟಿರುವ ಬ್ಯಾಂಕು ಹೊರದೇಶದ್ದು, ಊರಿನವರನ್ನು ಕೇಳದೆ ಊರಿನ ನೀರು ಮುಟ್ಟಬಾರದು ಎಂದು ಅವರ ಷರತ್ತಿದೆ, ಅದಕ್ಕೇ ನಿಮ್ಮ ಒಪ್ಪಿಗೆ ತರಿಸಿಕೊಂಡಿದ್ದೇವೆ ಎಂದು ಪುಸ್ತಕದ ನಕಲು ತೋರಿಸಿದಳು. ಅವಳ ಮುಖದಲ್ಲಿ ಕಪಟವಿರಲಿಲ್ಲ. ಸಭೆ ನಡೆದಿದೆ ಎಂದೇ ಅವಳು ನಂಬಿದ್ದಳು.

"ಅಂದ್ರೆ ಆ ದೇಶದಾಗೂ ಕೇಳೋನು ಒಬ್ಬ ಅವ್ನೆ" ಎಂದರು ನೀರುಗಂಟಿ. ಅವರ ದನಿಯಲ್ಲಿ ನಿಜವಾದ ಖುಷಿಯಿತ್ತು. ಆಮೇಲೆ ಜನರ ಕಡೆ ತಿರುಗಿದರು. "ಈ ಪುಸ್ತಕದಾಗೆ ಸಹಿ ಐತಲ್ಲ, ನಿಮ್ದೇ. ನಮ್ಮ ಮನೆಯೋಳ್ದೂ ಐತೆ. ಯಾರಾನ ಒಬ್ರು ಈ ಹಾಳೆ ಓದಿದ್ರಾ?"

ಒಂದು ಕೈಯೂ ಮೇಲೇಳಲಿಲ್ಲ. ಮಾವ ನನ್ನ ಕಡೆ ನೋಡಿ ಕಣ್ಣಲ್ಲೇ ತಡೆದರು. ಹಿಂದಿನ ದಿನವೇ ಅವರು ಹೇಳಿದ್ದರು: ಸುಮ್ಮನಿದ್ದರೆ ಟ್ಯಾಂಕರ್ ಓಡುತ್ತದೆ, ಬಾಯಿಬಿಟ್ಟರೆ ಗುಜರಿಗೆ ಹಾಕು. ನೀರುಗಂಟಿ ನನ್ನ ಕಡೆ ನೋಡಲೇ ಇಲ್ಲ. ಒಂದು ಸಲ ನೋಡಿದ್ದರೆ, ಬೆರಳು ತೋರಿಸಿದ್ದರೆ, ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು. ಅವರು ನೋಡಲಿಲ್ಲ. ಹಾಗಾಗಿ ನಾನೇ ಎದ್ದೆ.

ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಸಭೆ ನಡೆದಿಲ್ಲ, ಡೈರಿ ಮುಂದೆ ಪುಸ್ತಕ ಹಿಡಿದು ನಿಂತವನು ನಾನೇ, ಹಾಳೆ ಓದಲು ಹೋದೆ, ತಿಳಿಯಲಿಲ್ಲ, ಕೇಳಲು ನಾಚಿಕೆಯಾಯಿತು ಎಂದೆ. ನನ್ನ ಬೋರು ಹಾಕಿದರೆ ಕೊನೇ ಮನೆಯ ನಲ್ಲಿ ಒಣಗುತ್ತದೆ, ಕಣ್ಣಾರೆ ನೋಡಿದ್ದೇನೆ ಎಂದೂ ಹೇಳಿದೆ.

ಮೇಕೆಯವಳ ಬಾಯಿ ಸುಮ್ಮನಿರುತ್ತದೆಯೇ. "ಎಮ್ಮೆ ಹಾಲಿನ ಜೊತೆಗೆ ಊರ್ ನೀರೂ ಅಳ್ದುಬುಟ್ಟೇನಪ್ಪಾ" ಎಂದಳು. ಇಡೀ ಅಂಗಳ ನಕ್ಕಿತು. ಬೇರೆ ದಿನವಾಗಿದ್ದರೆ ಆ ನಗುವಿಗೆ ನಾನು ಊರು ಬಿಡುತ್ತಿದ್ದೆ. ಅವತ್ತು ನಾನೂ ನಕ್ಕುಬಿಟ್ಟೆ. ತಿಂಗಳಿಂದ ಎದೆ ಮೇಲೆ ಕೂತಿದ್ದ ಭಾರ ಅಲ್ಲೇ ಇಳಿದುಹೋಯಿತು.

ಇಂಜಿನಿಯರ್ ಹುಡುಗಿ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದಳು. ಹಾಗಿದ್ದರೆ ಇದು ನಡೆಯುವುದಿಲ್ಲ, ಮೇಲಕ್ಕೆ ಬರೆಯುತ್ತೇನೆ ಎಂದಳು. ಪ್ಲೇಟು ಬೇಡವಾ ನಿಮಗೆ ಎಂದು ಕೇಳಿದಳು. ನೀರುಗಂಟಿ ಅವಳ ಭಾಷೆಯಲ್ಲೇ ಉತ್ತರ ಕೊಟ್ಟರು: "ಎಂಡ ತೀಸ್ಕುಪೋಂಡಮ್ಮಾ, ನೀಳ್ಳು ವದಿಲೇಯಂಡಿ." ಆಮೇಲೆ ಎಲ್ಲರಿಗೂ ಸೇರಲಿ ಎಂದು ಕನ್ನಡದಲ್ಲೂ ಹೇಳಿದರು. "ಬಿಸಿಲು ತಗಂಡೋಗಿ ತಾಯಿ. ಅದು ನಮ್ತಾವ ಬೇಜಾನ್ ಐತೆ. ನೀರು ಬುಟ್ಬುಡಿ."

ಅವತ್ತು ಪುಸ್ತಕದಲ್ಲಿ ಹೊಸ ಠರಾವು ಬರೆದಿದ್ದು ಎಲ್ಲರ ಎದುರಿಗೇ. ಊರಿನ ಬೋರಿನ ನೀರು ಪ್ಲೇಟಿಗಿಲ್ಲ. ನೀರಿಲ್ಲದೆ ಬ್ರಶ್ಶಿನಲ್ಲಿ ಒರೆಸುವುದಾದರೆ ಆ ಕೆಲಸ ಜಮೀನಿಲ್ಲದ ಮನೆಯವರಿಗೆ ಮೊದಲು. ಪ್ಲೇಟಿನ ಮೇಲೆ ಬಿದ್ದ ಮಳೆನೀರು ಕಾಲುವೆಯಲ್ಲಿ ನಮ್ಮ ಕೆರೆಗೆ ಬರಬೇಕು. ಪಿಡಿಒ ಮೇಡಂ ಬರೆದು ಓದಿದರು. ನೀರುಗಂಟಿ "ಇನ್ನೊಂದ್ ಸಲ ಓದಿ ಮೇಡಂ" ಎಂದರು. ಮೂರು ಸಲ ಓದಿಸಿದರು. ನಾಲ್ಕನೇ ಸಲಕ್ಕೆ ಮೇಡಮ್ಮಿಗೇ ನಗು ಬಂತು.

ಎರಡು ತಿಂಗಳು ಏನೂ ಸುದ್ದಿಯಿಲ್ಲ. ಅಷ್ಟು ದಿನವೂ ನೀರುಗಂಟಿ ಕೆಲಸ ಇವತ್ತು ಹೋಗುತ್ತದೋ ನಾಳೆ ಹೋಗುತ್ತದೋ ಎನ್ನುವಂತಿದ್ದರು. ನಾನು ಟ್ಯಾಂಕರನ್ನು ಮಾರಲೋ ಇಟ್ಟುಕೊಳ್ಳಲೋ ಎನ್ನುವಂತಿದ್ದೆ. ಆಮೇಲೆ ಕಂಪನಿಯ ಕಾಗದ ಬಂತು. ಒಪ್ಪಿದ್ದರು. ಅದನ್ನು ನಾನೇ ಕಾಲೊನಿಗೆ ತೆಗೆದುಕೊಂಡು ಹೋದೆ. ಅವರ ಮನೆ ಹೊಸಿಲು ದಾಟಿದ್ದು ಅದೇ ಮೊದಲು. ಗೋಡೆ ಮೇಲೆ ಬುದ್ಧನ ಪಟವಿತ್ತು. ಅವರ ಹೆಂಡತಿ ಟೀ ಕೊಟ್ಟರು, ಕುಡಿದೆ. "ಓದಣ್ಣಾ, ನೀವೇ ಓದಿ" ಎಂದು ಕಾಗದ ಕೊಟ್ಟೆ. ಅವರು ಬೆರಳಿಟ್ಟು ಕೊನೆಯವರೆಗೂ ಓದಿ, ಗೋಡೆಗೆ ಒರಗಿ ಉಸಿರು ಬಿಟ್ಟರು. ಅಷ್ಟು ಉದ್ದನೆಯ ಉಸಿರು ನಾನು ಯಾರ ಎದೆಯಿಂದಲೂ ಕೇಳಿಲ್ಲ. ಅವತ್ತಿನವರೆಗೂ ಅವರು ಹೆದರಿದ್ದರು ಎಂದು ನನಗೆ ಆಗ ಗೊತ್ತಾಯಿತು.

ಈಗ ನನ್ನ ಟ್ಯಾಂಕರ್ ಮೂಲೆಯಲ್ಲಿದೆ. ಟ್ರ್ಯಾಕ್ಟರ್ ಮಾತ್ರ ದೊಡ್ಡ ಬ್ರಶ್ಶು ಕಟ್ಟಿಕೊಂಡು ಪ್ಲೇಟುಗಳ ಸಾಲಿನಲ್ಲಿ ಓಡುತ್ತದೆ. ಬ್ರಶ್ಶು ಮುಟ್ಟದ ಕಡೆ ಕಾಲೊನಿಯ ಹೆಂಗಸರು ಕೈಯಲ್ಲಿ ಒರೆಸುತ್ತಾರೆ. ಬೇಲಿಯೊಳಗೆ ಹುಲ್ಲು ಬೆಳೆಯುತ್ತದೆ. ಅದನ್ನು ಮೇಯಲು ಬಿಡಿ ಎಂದು ಮೇಕೆಯವಳು ಇನ್ನೊಂದು ಸಭೆಯಲ್ಲಿ ಕೇಳಿದಳು. ಮೇಕೆಯಾದರೆ ಪ್ಲೇಟಿನ ಮೇಲೇ ಹತ್ತಿ ನಿಲ್ಲುತ್ತದೆ, ಕುರಿಯಾದರೆ ಆಗಬಹುದು ಎಂದರು ಕಂಪನಿಯವರು. ಅವಳು ಕಂಪನಿಯವರನ್ನು ಬಾಯಿಗೆ ಬಂದಂತೆ ಬೈದುಕೊಂಡು ಮೇಕೆ ಮಾರಿ ಕುರಿ ಕಟ್ಟಿದಳು. ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಸೋದರಮಾವ ಎರಡು ವರ್ಷ ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಆದರೆ ನಲ್ಲಿಯಲ್ಲಿ ನೀರು ಬರುತ್ತಿದೆ. ಎರಡು ಬೇಸಿಗೆ ದಾಟಿದವು, ಬೋರು ಕೆಮ್ಮಲಿಲ್ಲ.

ನೀರುಗಂಟಿ ಕೆಲಸ ಬಿಟ್ಟ ವರ್ಷವೇ ಮಲಗಿದರು. ಪಾವಗಡದ ಆಸ್ಪತ್ರೆಯಲ್ಲಿ ನೋಡಲು ಹೋದಾಗ, ಬಹಳ ದಿನದಿಂದ ಒಳಗೇ ಇದ್ದ ಮಾತನ್ನು ಕೇಳಿಬಿಟ್ಟೆ. ಪುಸ್ತಕ ಹಿಡಿದು ತಿರುಗಿದವನು ನಾನು ಎಂದು ಡೈರಿ ಮುಂದೆ ಸಹಿ ಹಾಕಿದ ನಿಮ್ಮ ಮನೆಯವರು ನಿಮಗೆ ಮೊದಲೇ ಹೇಳಿರಬೇಕಲ್ಲ, ಸಭೆಯಲ್ಲಿ ಯಾಕೆ ನನ್ನ ಹೆಸರು ಎತ್ತಲಿಲ್ಲ ಎಂದೆ.

"ನಾನ್ ಹೇಳಿದ್ರೆ ನೀನು ಕಳ್ಳ ಆಯ್ತಿದ್ದೆ" ಎಂದರು. "ನೀನೇ ಹೇಳ್ದೆ, ಸಾಕ್ಷಿ ಆದೆ. ಊರಿಗೆ ಸಾಕ್ಷಿ ಬೇಕಿತ್ತು ಕಣಪ್ಪಾ. ಕಳ್ಳನ್ನ ಇಟ್ಕಂಡು ಏನ್ ಮಾಡಾದು?"

ನಾನು ಏಳದೇ ಇದ್ದಿದ್ದರೆ ಎಂದು ಕೇಳಿದೆ.

"ಅದೇ ಭಯ ಇತ್ತು" ಎಂದು ನಕ್ಕರು.

ಅದಾಗಿ ಒಂಬತ್ತನೇ ದಿನಕ್ಕೆ ಹೋದರು. ಮಣ್ಣಿಗೆ ಮೂರು ಬೀದಿಯ ಜನವೂ ಬಂದರು, ಸೋದರಮಾವನೂ ಬಂದರು. ಮಾವ ನನ್ನ ಪಕ್ಕದಲ್ಲಿ ನಿಂತರು. ನನ್ನ ಮಗಳು ಈಗ ಎಂಟನೇ ಕ್ಲಾಸು. ಅವಳ ಮೇಷ್ಟ್ರು ಪಾಠ ಮಾಡುವಾಗ, ಗ್ರಾಮಸಭೆ ಎಂದರೇನು ಎಂದು ಹೇಳಲು ಅವಳಪ್ಪನ, ಅಂದರೆ ನನ್ನ, ಕಥೆ ಹೇಳಿದರಂತೆ, ಅಂಗಳದಲ್ಲಿ ಎದ್ದು ನಿಂತು ನಿಜ ಹೇಳಿದವರು ಎಂದು. ಮನೆಗೆ ಬಂದು ಎಷ್ಟು ಹೆಮ್ಮೆಯಿಂದ ಹೇಳಿದಳೋ. ಅವಳನ್ನು ಕೂರಿಸಿಕೊಂಡು, ಡೈರಿ ಮುಂದೆ ನಿಂತಿದ್ದವನೂ ನಾನೇ ಎಂದೆ, ನನ್ನನ್ನು ಆ ಅಂಗಳದಲ್ಲಿ ಎಬ್ಬಿಸಿ ನಿಲ್ಲಿಸಿದವರು ಯಾರು ಎಂದೂ ಹೇಳಿದೆ. ಅವಳು ಪೂರ್ತಿ ಕೇಳಿ, "ಅಷ್ಟೇ ತಾನೆ ಅಪ್ಪಾ" ಎಂದು ಎದ್ದು ಆಡಲು ಹೋದಳು.